ಹತ್ತು ಪೈಸೆಯ ಉಪ್ಪು

ಬೆಣಚಿಕೊಪ್ಪದ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಅಂಕಣ, ಹಿಂದೊಂದು ಅಡುಗೆಮನೆ, ಮುಂದೆ ಬೇವಿನ ನೆರಳು. ಪೂಜ್ಯ ಅಡಿವೆಯ್ಯಜ್ಜನವರು ನಲವತ್ತು ವರ್ಷ ಅಲ್ಲಿಯೇ ವಾಸವಾಗಿದ್ದರು. ಗೋಣಿತಟ್ಟೇ ಅವರ ಆಸನ. ಭಕ್ತರು ಬಂದಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕಾಳು ಹಸನು ಮಾಡುವರು, ಇಲ್ಲವೆ ಪತ್ರಾವಳಿ ಹಚ್ಚುವರು.

ಮಠದಲ್ಲಿ ದಿನವೂ ಮಧ್ಯಾಹ್ನ ದಾಸೋಹ. ಒಕ್ಕಲು ಮನೆಗಳಿಂದ ಜೋಳ ಬರುತ್ತಿತ್ತು, ಪೇಟೆಯ ದಲಾಲರಿಂದ ಬೇಳೆ. ಯಾರು ಏನು ಕೊಟ್ಟರೂ ಅಜ್ಜನವರು ಸ್ವೀಕರಿಸುವರು, ಉಪ್ಪೊಂದನ್ನು ಬಿಟ್ಟು. ಅಡುಗೆಮನೆಯ ಹೊಸ್ತಿಲ ಬದಿಗೆ ಕಿರಿದಾದ ಬಾಯಿಯ ಮಣ್ಣಿನ ಗಡಿಗೆಯೊಂದಿತ್ತು. ಉಣ್ಣಲು ಬಂದವರು ಐದೋ ಹತ್ತೋ ಪೈಸೆ ಅದರಲ್ಲಿ ಹಾಕಿ ಒಳಗೆ ಹೋಗುತ್ತಿದ್ದರು. ಇಲ್ಲದವರು ಬರಿಗೈಯನ್ನೇ ಗಡಿಗೆಗೆ ಮುಟ್ಟಿಸಿ ಹೋಗುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ. ಮಠದ ಅಡುಗೆಗೆ ಆ ಚಿಲ್ಲರೆಯಿಂದ ತಂದ ಉಪ್ಪೇ ಆಗಬೇಕು. ಹೂವಿನ ಎಸಳಿನಂತೆ ಅಂಚು ಬಾಗಿದ ಹತ್ತು ಪೈಸೆ, ಊದಿದರೆ ಹಾರುವಷ್ಟು ಹಗುರಾದ ಚೌಕ ಐದು ಪೈಸೆ. ಅವು ಬೀಳುವ ಸದ್ದಿನ ಮೇಲೆಯೇ ಅಡುಗೆಯ ಬಸಕ್ಕ ಇನ್ನೆಷ್ಟು ರೊಟ್ಟಿ ಬಡಿಯಬೇಕೆಂದು ಅಂದಾಜು ಮಾಡುತ್ತಿದ್ದಳು. ಆ ಸದ್ದು ಈಗ ಯಾವ ಊರಿನಲ್ಲಿಯೂ ಇಲ್ಲ.

ಆ ನಾಣ್ಯಗಳ ಕಾಲ ಆಗಲೇ ಮುಗಿಯುತ್ತ ಬಂದಿತ್ತು. ಒಂದು ದಿನ ಕಿರಾಣಿ ಅಂಗಡಿಯವನು ಚಿಲ್ಲರೆಯ ಗಂಟನ್ನು ಬಿಚ್ಚದೆಯೇ ಹಿಂದಕ್ಕೆ ಕಳಿಸಿದ. "ಇವನ್ನ ಬಸ್ಸಿನ ಕಂಡಕ್ಟರ್ ಸೈತ ಒಲ್ಲೆ ಅಂತಾನ್ರಿ" ಎಂದು ಹೇಳಿ ಕಳಿಸಿದ.

ಮಠದ ವ್ಯವಹಾರ ನೋಡುತ್ತಿದ್ದವರು ಬ್ಯಾಂಕಿನ ಕ್ಯಾಶಿಯರ್ ನೀಲಕಂಠಪ್ಪ ಗಾಣಿಗೇರರು. ಪ್ರಾಮಾಣಿಕರು. ದಿನವೂ ಊಟದ ಬಿಡುವಿನಲ್ಲಿ ಬಂದು ಬಡಿಸಿ ಹೋಗುವರು. ಆದರೆ ಲೆಕ್ಕಕ್ಕೆ ಸಿಗದ್ದನ್ನು ನಂಬುವವರಲ್ಲ. ಅಂದೇ ಅಜ್ಜನವರ ಮುಂದೆ ಬಂದು ನಿಂತರು.

"ಅಜ್ಜಾರ, ಒಂದು ಹತ್ತು ಪೈಸೆ ಮಾಡಾಕ ಸರಕಾರಕ್ಕ ಅದಕ್ಕಿಂತ ಹೆಚ್ಚು ಖರ್ಚು ಬೀಳತೈತಂತ್ರಿ. ಮಾಡೋರಿಗೂ ಲುಕ್ಸಾನ, ಎಣಸೋರಿಗೂ ಲುಕ್ಸಾನ. ವರ್ಷದ ಉಪ್ಪು ನಾ ತರತೀನಿ. ಆ ಗಡಿಗಿ ತಗದುಬಿಡೂಣ್ರಿ."

ಪತ್ರಾವಳಿಗೆ ಕಡ್ಡಿ ಚುಚ್ಚುತ್ತಿದ್ದ ಅಜ್ಜನವರು, "ಉಣ್ಣೋರನ್ನ ಕೇಳಿಯೇನು?" ಎಂದರು.

ನೀಲಕಂಠಪ್ಪನವರು ನಕ್ಕರು. "ಪುಕ್ಕಟೆ ಸಿಗೂದನ್ನ ಯಾರು ಬ್ಯಾಡ ಅಂತಾರ್ರಿ?"

ಅಜ್ಜನವರು ಮುಂದಿನ ಎಲೆ ಕೈಗೆತ್ತಿಕೊಂಡರು. ಅದನ್ನು ಒಪ್ಪಿಗೆಯೆಂದೇ ತಿಳಿದು ಮರುದಿನ ನೀಲಕಂಠಪ್ಪನವರು ಎರಡು ಚೀಲ ಉಪ್ಪು ಇಳಿಸಿದರು. ಗಡಿಗೆ ಅಟ್ಟ ಸೇರಿತು.

ಆ ದಿನದಿಂದ ಪಂಕ್ತಿಯ ಕೊನೆಯಲ್ಲಿ ಉಣ್ಣುವವರಿಲ್ಲದೆ ಎಲೆಗಳು ಉಳಿಯತೊಡಗಿದವು. ನೀಲಕಂಠಪ್ಪನವರಿಗೆ ಅದು ಹೊಳೆಯಲಿಲ್ಲ. ಒಂಬತ್ತನೆಯ ದಿನ ಬಡಿಸುವಾಗ, ಬಸಕ್ಕ ಅಜ್ಜನವರಿಗೆಂದು ಬೇರೆ ಬೋಗುಣಿಯಿಂದ ಸಾರು ಹಾಕುವುದು ಕಂಡಿತು. ಕೇಳಿದರೆ, ಉಪ್ಪು ಹಾಕುವ ಮೊದಲೇ ತೆಗೆದಿಟ್ಟ ಸಾರು, ಚೀಲ ಬಂದ ದಿನದಿಂದ ಹೀಗೆಯೇ, ಎಂದಳು.

"ಡಾಕ್ಟರು ಉಪ್ಪು ಬಿಡು ಅಂದಾರೇನ್ರಿ ಅಜ್ಜಾರ?"

"ಇಲ್ಲಪ. ಇಷ್ಟು ದಿನ ಎಲ್ಲಾರ ಉಪ್ಪು ಉಂಡೆ, ಎಲ್ಲಾರ ಋಣದಾಗ ಇದ್ದೆ. ಒಬ್ಬನ ಉಪ್ಪು ಗಂಟಲಾಗ ಇಳೀವಲ್ದು." ಪಂಕ್ತಿಯ ಕೊನೆಯತ್ತ ಕೈ ತೋರಿ ಅಂದರು: "ದ್ಯಾಮವ್ವ ಉಂಡು ಹೋಗಿ ಒಂಬತ್ತು ದಿನಾತು."

ದ್ಯಾಮವ್ವ ಬಸ್ ನಿಲ್ದಾಣದಲ್ಲಿ ಕಸಬರಿಗೆ ಮಾರುವ ಮುದುಕಿ. ಆಕೆಗೆ ದಿನಕ್ಕೆ ಒಂದೇ ಊಟ, ಅದು ಮಠದ್ದು. ನೀಲಕಂಠಪ್ಪನವರು ಬಡಿಸುವ ಸೌಟು ಕೆಳಗಿಟ್ಟು ಅಲ್ಲಿಗೇ ನಡೆದರು. ಮುದುಕಿಯ ಮುಖ ಇಳಿದುಹೋಗಿತ್ತು.

"ಯಾಕವಾ, ಮಠಕ್ಕ ಬರವಲ್ಲಿ?"

"ಬಂದಿದ್ನಿರಿ. ಗಡಿಗಿ ಇರಲಿಲ್ಲ. ಹೊಳ್ಳಿ ಬಂದ್ನಿ."

"ಗಡಿಗಿ ಇಲ್ಲಂದ್ರೇನಾತು? ಊಟ ಇತ್ತಲ್ಲ?"

"ಪುಕ್ಕಟೆ ಉಣ್ಣಾಕ ನೀವೇನ್ ನಮ್ಮ ಬೀಗರೇನ್ರಿ?" ಕಸಬರಿಗೆಯ ಕಟ್ಟು ಬಿಗಿಯುತ್ತ ಮುದುಕಿ ಅಂದಳು. "ಹತ್ತು ಪೈಸೆಕ್ಕ ಪ್ಯಾಟ್ಯಾಗ ಏನೂ ಬರೂದಿಲ್ಲ, ನನಗೂ ಗೊತ್ತೈತ್ರಿ. ಮಠದಾಗ ಬರತಿತ್ತು. ನಾ ಹಾಕಿದ ಉಪ್ಪು ನಾನೂ ಉಣತಿದ್ನಿ, ಗೌಡ್ರೂ ಉಣತಿದ್ರು. ತಲಿ ಎತ್ತಿ ಕುಂದರತಿದ್ನಿ."

"ಮತ್ತ ಇಷ್ಟು ದಿನ ಏನ್ ಉಂಡಿ?"

"ಚಾ ಸಿಗತೈತಲ್ರಿ" ಎಂದು ಮುದುಕಿ ಮುಖ ಆಚೆ ತಿರುಗಿಸಿದಳು.



ಮರುದಿನ ಬೆಳಿಗ್ಗೆ ನೀಲಕಂಠಪ್ಪನವರೇ ಅಟ್ಟ ಹತ್ತಿ ಗಡಿಗೆ ಇಳಿಸಿದರು. ಉಳಿದ ಉಪ್ಪನ್ನು ಕುರಿಹಟ್ಟಿಗೆ ಕಳಿಸಿದರು. ಗಡಿಗೆಯ ತಳದಲ್ಲಿದ್ದ ಚಿಲ್ಲರೆಯನ್ನು ಬ್ಯಾಂಕಿನಲ್ಲಿ ಬದಲಿಸಿ, ಬಂದಷ್ಟರಲ್ಲಿ ಉಪ್ಪು ತಂದು ಬಸಕ್ಕನ ಕೈಗೆ ಕೊಟ್ಟರು. ಮುಂದೆ ನಿವೃತ್ತರಾಗುವವರೆಗೂ ಪ್ರತಿ ಸೋಮವಾರ ಗಡಿಗೆಯ ಚಿಲ್ಲರೆಯನ್ನು ಚೀಲದಲ್ಲಿ ತುಂಬಿ ಸೈಕಲ್ಲಿಗೆ ತೂಗುಹಾಕಿಕೊಂಡು ಬ್ಯಾಂಕಿಗೆ ಹೋದರು. ಜೊತೆಯವರು ನಕ್ಕರೆ ತಾವೂ ನಕ್ಕರು.

ಗಡಿಗೆ ಇಳಿಸಿದ ದಿನವೇ ಮಧ್ಯಾಹ್ನ, ಸುದ್ದಿ ಕೇಳಿ ದ್ಯಾಮವ್ವ ಬಂದಳು. ಗಡಿಗೆಯಲ್ಲಿ ನಾಣ್ಯ ಬಿದ್ದ ಸದ್ದಾಯಿತು. ಅಜ್ಜನವರು ಒಳಗಿನಿಂದ, "ಬಸಕ್ಕಾ, ಇವತ್ತ ನನಗ ಬ್ಯಾರೆ ತಗೀಬ್ಯಾಡವಾ" ಎಂದರು.

ಬಡಿಸಬೇಕಾದ ನೀಲಕಂಠಪ್ಪನವರು ಸೌಟು ಮುಟ್ಟಲಿಲ್ಲ. ಪಂಕ್ತಿಯ ಕೊನೆಗೆ ಹೋಗಿ ದ್ಯಾಮವ್ವನ ಮಗ್ಗುಲಿಗೆ ಕುಳಿತು ಎಲೆ ಹಾಕಿಸಿಕೊಂಡರು. ಅವರು ಸಾರಿಗೆ ರೊಟ್ಟಿ ಅದ್ದುವುದನ್ನೇ ಮುದುಕಿ ನೋಡುತ್ತಿದ್ದಳು.

"ಸಾವಕಾಶ ಉಣ್ರಿ ಸಾಹೇಬ್ರ" ಎಂದಳು. "ಅದರಾಗ ನಂದೂ ಐತಿ."

"ಹೌದವಾ, ಐತಿ" ಎಂದು ನೀಲಕಂಠಪ್ಪನವರು ತಲೆ ತಗ್ಗಿಸಿ ಉಂಡರು.