ಬ್ರಿಟಿಷರು ಇನ್ನೂ ಹೋಗದ ಶಾಲೆ

ಇನ್‌ಸ್ಪೆಕ್ಟರ್ ಸಾಹೇಬರು ಏಳನೇ ತರಗತಿಗೆ ನುಗ್ಗಿ ಗುಡುಗಿದರು: "ಈಗ ನಮ್ಮ ದೇಶ ಆಳ್ತಿರೋರು ಯಾರು?"

"ಬ್ರಿಟಿಷರು, ಸರ್!" ಮಕ್ಕಳೆಲ್ಲ ಒಟ್ಟಿಗೇ ಕೂಗಿದರು.

ಸಾಹೇಬರ ಮುಖ ಕೆಂಪಾಯಿತು. "ಮಾಸ್ತರ್, ನಿಮ್ಮನ್ನ ಇವತ್ತೇ ಸಸ್ಪೆಂಡ್ ಮಾಡ್ತೀನಿ!"

ಬಿಸಿಯೂಟದ ಅಡುಗೆ ಮಾಡುವ ದ್ಯಾಮವ್ವ ಸೌಟು ಹಿಡಿದೇ ಒಳಗೆ ಬಂದಳು.

"ಸಾಹೇಬ್ರ, ಮಾಸ್ತರು ಪಾಠ ಶುರು ಮಾಡಿದ್ರ ಸಾಕು, ನಿಮ್ಮ ಆಫೀಸಿಂದ ಆರ್ಡರ್ ಬರ್ತೈತಿ. ಒಮ್ಮೆ ಎಲೆಕ್ಷನ್, ಒಮ್ಮೆ ಜನಗಣತಿ, ಹೋದ ತಿಂಗಳ ಕುರಿ ಎಣಸೋದು. ಸ್ವಾತಂತ್ರ್ಯದ ಪಾಠಕ್ಕ ಬರೋದ್ರಾಗ ಪರೀಕ್ಷೆ ಬರ್ತೈತಿ. ಪುಸ್ತಕದಾಗ ಬ್ರಿಟಿಷರು ಹಂಗ ಕುಂತಾರ."

"ಅದಕ್ಕೆ ನಾನೇನು ಮಾಡ್ಲಿ?"

"ಎರಡು ವಾರ ಮಾಸ್ತರನ್ನ ಕರೀಬ್ಯಾಡ್ರಿ. ಬ್ರಿಟಿಷರನ್ನ ನಾವ ಓಡಸ್ತೇವಿ."

ಮಾಸ್ತರರಿಗೆಂದೇ ತಂದಿದ್ದ ಎಮ್ಮೆ ಗಣತಿಯ ಆರ್ಡರನ್ನು ಸಾಹೇಬರು ಮೆಲ್ಲಗೆ ಬ್ಯಾಗಿನೊಳಗೆ ತಳ್ಳಿದರು.