ಉಡಿಯಾವಿಗೆ ದಿಬ್ಬ

ಕರಿಮಣಗಿಗೆ ಮೊದಲ ಸಲ ಬಂದವರು ಎರಡು ಸಂಗತಿ ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಒಂದು, ಊರಿನ ಹೆಬ್ಬಾಗಿಲಾದ ಅಗಸೆ. ಎರಡಾಳೆತ್ತರದ ಕಲ್ಲಿನ ಕಮಾನು, ತಳವಾರ ಕೂರುತ್ತಿದ್ದ ಕಟ್ಟೆ, ಕದ ತಿರುಗಿ ತಿರುಗಿ ಸವೆದ ಕುಳಿ ಎಲ್ಲವೂ ಇವೆ, ಕದಗಳು ಮಾತ್ರ ಇಲ್ಲ. ಇನ್ನೊಂದು, ಅಗಸೆಯಿಂದ ಕೂಗಳತೆ ದೂರದಲ್ಲಿರುವ ದಿಬ್ಬ. ಮೇಲೆ ಹುಲ್ಲು ಬೆಳೆದಿದೆ, ಆದರೆ ಕಾಲಿಟ್ಟಲ್ಲೆಲ್ಲ ಗಡಿಗೆಯ ಚೂರುಗಳು ಕರಕರ ಎನ್ನುತ್ತವೆ. ನೆತ್ತಿಯಲ್ಲಿ ಮೂರು ಕಡೆ ಕಲ್ಲುಗೋಡೆಯಿರುವ ಉದ್ದನೆಯ ಮಾಡು, ಒಳಗೆ ಮಲಗುವುದಕ್ಕೆ ಎರಡು ಭಾರಿ ಹಲಗೆ. ಬಗ್ಗಿ ಹಲಗೆಯ ಅಡಿಗೆ ಕೈ ಹಾಕಿದರೆ ಬೆರಳಿಗೆ ಕಬ್ಬಿಣದ ಮುಳ್ಳುಗಳು ತಗಲುತ್ತವೆ. ಶತ್ರುಗಳ ಆನೆ ಹಾಯದಿರಲೆಂದು ಕೋಟೆಬಾಗಿಲಿಗೆ ಬಡಿಯುವ ಮುಳ್ಳುಗಳವು. ಅಗಸೆಯ ಕದಗಳು ಎಲ್ಲಿ ಹೋದವೆಂಬುದು ಬಂದವರಿಗೆ ಆಗ ತಿಳಿಯುತ್ತದೆ. ಏಕೆ ಹೋದವೆಂಬುದಕ್ಕೆ ಊರಿನವರನ್ನೇ ಕೇಳಬೇಕು.

ಪಕ್ಕದ ಹಳ್ಳಿಯವರು ಇದನ್ನು ಒಡಕು ದಿಬ್ಬವೆಂದು ಕರೆದು ಕರಿಮಣಗಿಯವರ ಕಾಲೆಳೆಯುತ್ತಾರೆ. ಗಡಿಗೆ ಸುಡಲು ಬಾರದ ಕುಂಬಾರರ ಊರೆಂದು ನಗುತ್ತಾರೆ. ಕರಿಮಣಗಿಯವರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಅಷ್ಟೂ ಒಂದೇ ರಾತ್ರಿಯಲ್ಲಿ ಒಡೆದದ್ದೆಂದು ಎದೆಯುಬ್ಬಿಸಿ ಹೇಳಿ, ದಿಬ್ಬದ ಹೆಸರು ಉಡಿಯಾವಿಗೆ ಎಂದು ತಿದ್ದುತ್ತಾರೆ. ಒಂದು ರಾತ್ರಿಯ ಚೂರು ದಿಬ್ಬವಾಗುತ್ತದೆಯೇ ಎಂದು ಯಾರಾದರೂ ಲೆಕ್ಕ ತೆಗೆದರೆ ಮಾತ್ರ ಸ್ವಲ್ಪ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಮೇಲಿನ ಚೂರುಗಳು ಆಮೇಲಿನ ತಲೆಮಾರುಗಳವು ನಿಜ. ತಳದ ಪದರ ಮಾತ್ರ ಆ ರಾತ್ರಿಯದೇ ಎನ್ನುತ್ತಾರೆ, ಅದರಲ್ಲಿ ಊರಿನ ಯಾರಿಗೂ ಅನುಮಾನವಿಲ್ಲ.

ದೇಸಾಯರು ಊರಾಳುತ್ತಿದ್ದ ಕಾಲದಲ್ಲಿ, ಹಿಂದೆ ಒಮ್ಮೆ, ಅಗಸೆಯ ಹೊರಗೆ ಇದ್ದದ್ದು ಒಂದೇ ಮನೆ. ಅದು ಕುಂಬಾರ ಮಾಳಪ್ಪನದು. ಹೊಗೆಯೂ ಕಿಡಿಯೂ ಊರೊಳಗೆ ಬೇಡವೆಂದು ಕುಂಬಾರರನ್ನು ಹೊರಗಿಟ್ಟಿದ್ದರು, ಗಡಿಗೆ ಮಾತ್ರ ಒಳಗೆ ಬೇಕಿತ್ತು. ತಿಗರಿ ತಿರುಗಿಸುವುದು ಮಾಳಪ್ಪನ ಕೆಲಸ. ಗಡಿಗೆಗಳನ್ನು ಒಟ್ಟಿ ಸುಡುವ ಆವಿಗೆಯನ್ನು ಕಾಯುವುದು ಅವನ ಹೆಂಡತಿ ನಿಂಬೆವ್ವನ ಕೆಲಸ. ಹೊಗೆಯ ಬಣ್ಣ ನೋಡಿ ಒಳಗಿನ ಗಡಿಗೆ ಎಷ್ಟು ಬೆಂದಿದೆಯೆಂದು ಹೇಳಬಲ್ಲ ಹೆಂಗಸು ಆಕೆ. ಉರಿ ಇಳಿದ ಮೇಲೆ ಎರಡು ದಿನ ಆವಿಗೆಯ ಮಣ್ಣಿನ ಮುಚ್ಚಳಕ್ಕೆ ಯಾರನ್ನೂ ಕೈಹಚ್ಚಗೊಡುತ್ತಿರಲಿಲ್ಲ. ಬಿಸಿ ಗಡಿಗೆಗೆ ತಣ್ಣನೆ ಗಾಳಿ ತಗುಲಿದರೆ ಸೀಳು ಬಿಡುತ್ತದೆ. ಸ್ವಂತ ಅತ್ತೆ ಒಮ್ಮೆ ಅವಸರಪಟ್ಟು ಮುಚ್ಚಳ ಸರಿಸಹೋದಾಗ ಆಕೆಯ ಕೈಯನ್ನೇ ತಳ್ಳಿದ್ದಳೆಂದು ಊರು ಆಡಿಕೊಂಡಿತ್ತು.

ಆ ವರ್ಷದ ಮಾರ್ಗಶಿರದಲ್ಲಿ ದೇಸಾಯರ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಆ ಸೀಮೆಯಲ್ಲಿ ಐರಾಣಿ ಇಲ್ಲದೆ ಮದುವೆಯಿಲ್ಲ. ಸುಣ್ಣ ಕೆಮ್ಮಣ್ಣಿನಿಂದ ಚಿತ್ತಾರ ಬರೆದ ಐದು ಹೊಸ ಗಡಿಗೆಗಳೇ ಐರಾಣಿ. ಮುತ್ತೈದೆಯರು ಬಾಜಾಬಜಂತ್ರಿಯೊಡನೆ ಕುಂಬಾರನ ಮನೆಗೆ ಹೋಗಿ, ಅವನ್ನು ಪೂಜಿಸಿ, ಹೊತ್ತು ತಂದು ಹಂದರದಲ್ಲಿಡಬೇಕು. ಅವು ಎಳ್ಳಷ್ಟೂ ಸೀಳಿರಬಾರದು, ಬೆರಳಿನಿಂದ ಬಾರಿಸಿದರೆ ಗಂಟೆಯ ಹಾಗೆ ದನಿ ಕೊಡಬೇಕು. ನಿಂಬೆವ್ವ ಐರಾಣಿಯ ಐದನ್ನು ಆವಿಗೆಯ ನಟ್ಟನಡುವೆ, ಗಾಳಿ ಸುಳಿಯದ ಜಾಗದಲ್ಲಿಟ್ಟು, ಸುತ್ತ ಅಡುಗೆಯ ಗಡಿಗೆ, ನೀರಿನ ಹರವಿಗಳನ್ನು ಒಟ್ಟಿ ಬೆಂಕಿ ಕೊಟ್ಟಿದ್ದಳು. ಮನೆಯಲ್ಲಿದ್ದ ಕುಳ್ಳು ಕಟ್ಟಿಗೆ ಎಲ್ಲವೂ ಅದಕ್ಕೇ ಸಂದಿತ್ತು. ಮದುವೆ ಸುಸೂತ್ರವಾದರೆ ಅಗಸೆಯೊಳಗೆ ಒಂದು ಮನೆ ಕೊಡುವುದಾಗಿ ದೇಸಾಯರು ಮಾತು ಕೊಟ್ಟಿದ್ದರು. ಹೊರಗಿನವಳೆನ್ನಿಸಿಕೊಂಡೇ ಮುದುಕಿಯಾಗುತ್ತಿದ್ದ ನಿಂಬೆವ್ವನಿಗೆ ಅದು ದೊಡ್ಡ ಆಸೆ.

ಉರಿ ಇಳಿದ ದಿನ ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಮಳೆಯ ಹಿಂದೆಯೇ ಬಡಗಣ ಗಾಳಿ. ಬಯಲುಸೀಮೆಯ ಚಳಿ ಮೊದಲೇ ಹೊಲಸು, ಅದರಲ್ಲಿ ಒದ್ದೆ ಸೇರಿದರೆ ಎಲುಬಿಗೇ ಇಳಿಯುತ್ತದೆ. ಊರ ಮೂಡಣಕ್ಕೆ ದೇಸಾಯರು ತೋಡಿಸುತ್ತಿದ್ದ ಕೆರೆಯ ಅಂಗಳದಲ್ಲಿ ಮಣ್ಣಿನ ಕೆಲಸದವರು ಈಚಲ ಚಾಪೆಯ ಜೋಪಡಿ ಹಾಕಿಕೊಂಡಿದ್ದರು. ಊರೂರು ತಿರುಗಿ ಕೆರೆ ತೋಡುವ ಜನ, ತಮ್ಮದೆನ್ನುವ ಊರು ಎಲ್ಲಿಯೂ ಇಲ್ಲ. ಗಾಳಿ ಚಾಪೆಗಳನ್ನು ಹಾರಿಸಿಕೊಂಡು ಹೋಯಿತು, ನೀರು ನುಗ್ಗಿ ಕೌದಿಗಳೆಲ್ಲ ನೆಂದವು. ಗುದ್ದಲಿ, ಮಣ್ಣು ಹೊರುವ ಬಿದಿರಿನ ಪುಟ್ಟಿ, ಮಕ್ಕಳನ್ನು ಹೊತ್ತು ನಲವತ್ತೊಂದು ಮಂದಿ ಅಗಸೆಯ ಬಳಿ ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಕದ ಹಾಕಿತ್ತು. ಮದುವೆಯ ಒಡವೆ ವಸ್ತು ದೇಸಾಯರ ದೊಡ್ಡ ಮನೆಯಾದ ವಾಡೆಯಲ್ಲಿ ಇದ್ದುದರಿಂದ ಸಂಜೆಯಾದ ಮೇಲೆ ಹೊರಗಿನವರನ್ನು ಬಿಡಕೂಡದೆಂದು ಅವರ ಅಪ್ಪಣೆಯಾಗಿತ್ತು, ಕೀಲಿಕೈಯೂ ವಾಡೆಯಲ್ಲೇ ಇತ್ತು. ತಳವಾರ ಹಣಮಂತ ಕೆಟ್ಟವನಲ್ಲ. ಕೀಲಿ ಕೇಳಲು ವಾಡೆಗೆ ಓಡಿದ. ಅಲ್ಲಿ ಅರಿಷಿಣ ಹಚ್ಚುವ ಗದ್ದಲ, ಡೊಳ್ಳು, ಶಹನಾಯಿ. ಬಾಗಿಲಲ್ಲಿದ್ದವರು ಅವನನ್ನು ಅಲ್ಲಿಂದಲೇ ಸಾಗಹಾಕಿದರು. ಅವನು ಬಂದು ಕದದ ಸಂದಿಯಿಂದ, "ನನ್ನ ಕೈಲಿ ಏನೂ ಇಲ್ಲಪಾ, ಕುಂಬಾರ ಮನೀಗೆ ಹೋಗ್ರಿ" ಎಂದ. ಹೇಳುವಾಗ ಅವನ ದನಿ ಅಳುವವರ ಹಾಗಿತ್ತಂತೆ.

ಮಾಳಪ್ಪನ ಮನೆ ಒಂದೇ ಅಂಕಣದ್ದು. ಅರ್ಧ ಹಸಿ ಮಣ್ಣು, ಅರ್ಧ ತಿಗರಿ. ತೀರ ಮುದುಕರಾದ ಆರು ಮಂದಿಯನ್ನು ಒಳಗೆ ತುರುಕಿದ್ದಾಯಿತು. ಉಳಿದವರು ಆವಿಗೆಯ ಮೇಲಿನ ಗೋಡೆಯಿಲ್ಲದ ಮಾಡಿನ ಕೆಳಗೆ ನಿಂತರು. ಮಳೆಗೆ ಮರೆಯಿತ್ತು, ಗಾಳಿಗಿರಲಿಲ್ಲ. ಬೆಂಕಿ ಹಾಕೋಣವೆಂದರೆ ಒಂದು ಒಣ ಕುಳ್ಳಿಲ್ಲ. ಕೆಲಸದವರ ಹಿರಿಯ ಯಂಕೋಬ ಏನೂ ಬೇಡಲಿಲ್ಲ, ತನ್ನ ಜನರನ್ನು ಒತ್ತೊತ್ತಾಗಿ ಕೂರಿಸಿ ಗಾಳಿಗೆ ಬೆನ್ನೊಡ್ಡಿ ನಿಂತ. ಅವನ ಸೊಸೆ ತಿಪ್ಪವ್ವನ ಕೈಯಲ್ಲಿ ಒಂಬತ್ತು ದಿನದ ಕೂಸು. ಅಷ್ಟು ಹೊತ್ತು ಚೀರುತ್ತಿದ್ದ ಕೂಸು ಸುಮ್ಮನಾಯಿತು. ನಿಂಬೆವ್ವ ಹತ್ತಿರ ಹೋಗಿ ಅದರ ಅಂಗಾಲು ಮುಟ್ಟಿದಳು. ಹೊಳೆಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಆಕೆಗೆ ಹೆದರಿಕೆಯಾಯಿತು.

ಆಕೆ ಆವಿಗೆಯ ಕಡೆ ನೋಡಿದಳು. ಒಳಗೆ ಎರಡು ದಿನಕ್ಕಾಗುವಷ್ಟು ಕಾವಿದೆ, ಮೇಲೆ ಮೊಳದಷ್ಟು ದಪ್ಪ ಮಣ್ಣು. ಹೆಂಡತಿಯ ಕಣ್ಣು ಎಲ್ಲಿ ಹೋಯಿತೆಂದು ಮಾಳಪ್ಪನಿಗೆ ತಿಳಿಯಿತು.

"ಬ್ಯಾಡ ನಿಂಬಿ. ಆವಿಗಿ ಬಾಯಿ ತಗದ್ರ ಒಂದೂ ಉಳಿಯೂದಿಲ್ಲ. ಐರಾಣಿ ಐತಿ ಅದರಾಗ. ಹಸಿ ಗಡಿಗಿ ಒಣಗಾಕ ಹತ್ತು ದಿನ ಬೇಕು, ಲಗ್ನಕ್ಕ ಉಳಿದದ್ದು ಮೂರ ದಿನ. ಧಣ್ಯಾರು ನಮ್ಮನ್ನ ಊರಾಗ ಇಡಂಗಿಲ್ಲ."

"ಈಗೇನು ಊರಾಗ ಇಟ್ಟಾರ?" ಎಂದಳು ನಿಂಬೆವ್ವ. ಅಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಗಿಸಿದಳು.

ಮಾಳಪ್ಪ ಒಳಗೆ ಹೋಗಿ ಗಡಿಗೆ ಎತ್ತುವ ಕೊಕ್ಕೆಗೋಲು ತಂದು ತಾನೇ ಮೊದಲು ಮುಚ್ಚಳಕ್ಕೆ ಹಾಕಿದ. ಬಿಸಿ ಗಾಳಿ ಭುಸ್ಸೆಂದು ಮೇಲೆದ್ದಿತು. ಅದರ ಜತೆಗೇ ಮೇಲಿನ ಸಾಲಿನ ಹರವಿಗಳು ಟಪ್ ಟಪ್ ಎಂದು ಸೀಳತೊಡಗಿದವು. ಆದರೂ ನಿಂಬೆವ್ವನ ಕೈ ನಿಲ್ಲಲಿಲ್ಲ. ಆವಿಗೆಯ ಒಂದು ಬದಿಯನ್ನು ಬರಿದುಮಾಡಿ, ಬೂದಿ ಸರಿಸಿ, ಮೇಲೆ ಒಣ ಮಣ್ಣು ಹರವಿ, ಮಕ್ಕಳನ್ನು ಆ ಬೆಚ್ಚನೆ ಕುಳಿಯಲ್ಲಿ ಸಾಲಾಗಿ ಮಲಗಿಸಿದರು. ದೊಡ್ಡವರಿಗೆ ಏನು ಮಾಡುವುದು? ಆಗ ಯಂಕೋಬ ಮಣ್ಣು ಹೊರುವ ಪುಟ್ಟಿಯೊಂದನ್ನು ಮುಂದೆ ಹಿಡಿದ. ಅದರ ತಳಕ್ಕೆ ಮುಚ್ಚಳದ ಒಣ ಮಣ್ಣು, ಮಣ್ಣಿನ ಮೇಲೆ ಬಿಸಿ ಗಡಿಗೆ, ಗಡಿಗೆಯೊಳಗೆ ಕೆಂಡ ಬೆರೆತ ಬೂದಿ. ಪುಟ್ಟಿಯನ್ನು ಮಡಿಲಿಗೆಳೆದುಕೊಂಡು ಮೇಲೆ ಕೌದಿ ಹೊದ್ದರೆ ಕೌದಿಯೂ ಹಬೆಯಾಡಿ ಒಣಗುತ್ತದೆ, ಮೈಯೂ ಕಾಯುತ್ತದೆ. ಒಬ್ಬೊಬ್ಬರ ಉಡಿಗೂ ಒಂದೊಂದು ಪುಟ್ಟಿ ಬರತೊಡಗಿತು.

ಐರಾಣಿಯ ಐದನ್ನು ಮಾತ್ರ ಆಕೆ ಮುಟ್ಟಿರಲಿಲ್ಲ. ಸುತ್ತ ಬೂದಿ ಒತ್ತಿ ಹೇಗಾದರೂ ಉಳಿಸಿಕೊಳ್ಳುವ ಆಸೆ ಒಳಗೆ ಇನ್ನೂ ಇತ್ತು. ಆದರೆ ಸೀಳದ ಗಡಿಗೆ ಮುಗಿದಾಗ ಇನ್ನೂ ಐದು ಉಡಿ ಬರಿದಾಗಿಯೇ ಇದ್ದವು. ಒಂದು ತಿಪ್ಪವ್ವನದು. ಅವಳು ಕೂಸನ್ನು ಕುಳಿಯಲ್ಲಿ ಬಿಡಲೊಪ್ಪದೆ ಎದೆಗವಚಿಕೊಂಡೇ ಕೂತಿದ್ದಳು. ನಿಂಬೆವ್ವನಿಗೆ ಅಗಸೆಯೊಳಗಿನ ಮನೆ ಕಣ್ಣ ಮುಂದೆ ಬಂತು, ಬಂದಷ್ಟೇ ಬೇಗ ಹೋಯಿತು. ಚಿತ್ತಾರದ ಗಡಿಗೆಯನ್ನು ಕೊಕ್ಕೆಗೋಲಿನಿಂದ ಎತ್ತಿ ಪುಟ್ಟಿಗಿಟ್ಟು, "ಹಿಡಿ ತಂಗಿ, ಕೂಸಿನ ಕಾಲು ಇದರ ಮಗ್ಗಲಕ್ಕ ಇಡು" ಎಂದಳು.

ಆ ರಾತ್ರಿ ಮಾಳಪ್ಪ, ನಿಂಬೆವ್ವ ಇಬ್ಬರೂ ಕುಳಿತವರ ನಡುವೆ ತಿರುಗುತ್ತ, ಆರಿದ ಬೂದಿ ತೆಗೆದು ಬಿಸಿ ಬೂದಿ ಹಾಕುತ್ತ ಬೆಳಗು ಮಾಡಿದರು. ಬೆಳಕು ಹರಿದಾಗ ಬಯಲಲ್ಲಿ ಎರಡು ಎತ್ತು ಸೆಟೆದು ಬಿದ್ದಿದ್ದವು. ಮನುಷ್ಯರು ಮಾತ್ರ ನಲವತ್ತೊಂದೂ ಮಂದಿ ಬದುಕಿದ್ದರು. ತಿಪ್ಪವ್ವನ ಕೂಸು ಹಾಲಿಗಾಗಿ ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅಷ್ಟು ಇಂಪಾದ ಅಳು ತಾನು ಕೇಳಿಲ್ಲವೆಂದು ನಿಂಬೆವ್ವ ಸಾಯುವ ತನಕ ಹೇಳುತ್ತಿದ್ದಳಂತೆ.

ಸುದ್ದಿ ವಾಡೆಗೆ ಮುಟ್ಟಿತು. ದೇಸಾಯರು, ಅವರ ಕಾರಭಾರಿ, ಹಿಂದೆ ಮೇಣೆಯಲ್ಲಿ ದೇಸಾಯರ ತಾಯಿ ಬಸಲಿಂಗವ್ವ ಬಂದರು. ಸೀಳಿದ ಗಡಿಗೆಗಳ ರಾಶಿ ನೋಡಿ ದೇಸಾಯರ ಮುಖ ಕೆಂಪಾಯಿತು. "ಐರಾಣಿ ಎಲ್ಲಿ?" ಎಂದು ಗುಡುಗಿದರು.

ಅವು ಸೀಳಿವೆಯೋ ಉಳಿದಿವೆಯೋ ನಿಂಬೆವ್ವನಿಗೂ ಗೊತ್ತಿರಲಿಲ್ಲ. ತಿಪ್ಪವ್ವನ ಮುಂದೆ ಕೂತು, ಪುಟ್ಟಿಯೊಳಗಿನ ಗಡಿಗೆಯ ಬೂದಿ ಸುರಿದು, ಬೆರಳ ಗೆಣ್ಣಿನಿಂದ ಬಾರಿಸಿದಳು. ಠಣ್ ಎಂದಿತು. ಆಕೆಗೆ ನಂಬಿಕೆ ಬರಲಿಲ್ಲ. ಪಕ್ಕದವನ ಗಡಿಗೆ ಬಾರಿಸಿದಳು, ಅದೂ ಠಣ್. ಐದಕ್ಕೆ ಐದೂ. ಗಾಳಿಗೆ ಬಿಟ್ಟವೆಲ್ಲ ಸೀಳಿದ್ದವು. ಬೂದಿ ತುಂಬಿ, ಉಡಿಯಲ್ಲಿ ಮುಚ್ಚಿ, ಮನುಷ್ಯರ ಮೈಗೆ ಒತ್ತಿಕೊಂಡವು ನಿಧಾನಕ್ಕೆ ಆರಿ ಗಟ್ಟಿಯಾಗಿ ಉಳಿದಿದ್ದವು. ಎರಡು ದಿನ ಕಾಯುವ ಆವಿಗೆಯ ಕೆಲಸವನ್ನು ಅವರ ಉಡಿಗಳು ಮಾಡಿದ್ದವು. ನಿಂಬೆವ್ವ ಗಡಿಗೆಯನ್ನು ತಬ್ಬಿಕೊಂಡು ಅತ್ತುಬಿಟ್ಟಳು.

ಕಾರಭಾರಿಗೆ ಅದು ಸಾಲಲಿಲ್ಲ. "ಊರಿಲ್ಲದ ಮಂದಿ ಮಡಿಲಾಗಿಟ್ಟ ಗಡಿಗಿ ಲಗ್ನದ ಹಂದರಕ್ಕ ಹೆಂಗ ಬರ್ತಾವ ಧಣಿ?" ಎಂದ.

ಬಸಲಿಂಗವ್ವ ಮೇಣೆಯಿಂದ ಇಳಿದು ಬಂದು ಆ ಮಾಡಿನ ಕೆಳಗೇ ನೆಲದ ಮೇಲೆ ಕೂತರು. ತಳವಾರ ಹಣಮಂತನನ್ನು ಕರೆದು ನಿನ್ನೆ ಏನಾಯಿತೆಂದು ಕೇಳಿದರು. "ಕೀಲಿ ಕೇಳಾಕ ಬಂದಿದ್ನೆವ್ವಾ. ಅರಿಷಿಣದ ಗದ್ದಲದಾಗ ಯಾರೂ ಕಿವಿಮ್ಯಾಲೆ ಹಾಕ್ಕೊಳ್ಳಲಿಲ್ಲ" ಎಂದ ಅವನು. ಮುದುಕಿ ಮಗನ ಕಡೆ ತಿರುಗಿದರು.

"ಈ ಗಡಿಗಿ ನೋಡಿ ನನಗೇನೂ ನಾಚಿಕಿ ಬರಲಿಲ್ಲೋ ತಮ್ಮಾ, ನಮ್ಮ ಅಗಸಿ ನೋಡಿ ಬಂತು. ಈ ಕೂಸು ಸತ್ತಿದ್ರ ನಿನ್ನ ಮಗಳಿಗಿ ಹಚ್ಚಿದ ಅರಿಷಿಣದ ಪಾಪ ತೊಳಿಯೂದ್ರೊಳಗ ನನ್ನ ಜನ್ಮ ಹೋಗ್ತಿತ್ತು. ಐರಾಣಿ ಇವೇ ಆಗ್ಬೇಕು. ನಾಡಿದ್ದು ಬಾಜಿ ತಂದು ಒಯ್ತೀನಿ. ಅಲ್ಲೀತನಕ ಇವರ ಉಡಿಯಾಗ ಇರ್ಲಿ. ಮತ್ತ ಆ ಕದ ಕೀಳಸು. ಇವರು ತಣ್ಣನ ನೆಲದ ಮ್ಯಾಲೆ ಮಲಗಬಾರದು."

ದೇಸಾಯರು ತಾಯಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ, ಅಂದೂ ಕಾಣಲಿಲ್ಲ. ಮಧ್ಯಾಹ್ನದೊಳಗೆ ಎಂಟು ಜೋಡಿ ಎತ್ತು ಹೂಡಿ ಕದಗಳನ್ನು ಎಳೆದು ತಂದು ಮುಳ್ಳು ಕೆಳಗಾಗಿ ಹಾಸಿದರು. ಮೂರನೆಯ ದಿನ ಮುತ್ತೈದೆಯರು ಬಂದು, ತಿಪ್ಪವ್ವನಿಗೂ ಉಳಿದ ನಾಲ್ವರಿಗೂ ಆರತಿ ಎತ್ತಿ, ಅವರ ಉಡಿಯಿಂದಲೇ ಐರಾಣಿ ಎತ್ತಿಕೊಂಡರು. ಕೆರೆ ಮುಗಿಸಿ ಹೋಗುವ ಮುಂಚೆ ಯಂಕೋಬನ ಜನ ಆ ಮಾಡಿಗೆ ಗಾಳಿ ಬರುವ ಮೂರು ಕಡೆ ಗೋಡೆ ಕಟ್ಟಿಕೊಟ್ಟರು. ನಾಲ್ಕನೆಯ ಕಡೆ ಏಕೆ ಬಿಟ್ಟಿರೆಂದು ಕೇಳಿದ್ದಕ್ಕೆ, ಅಲ್ಲಿ ಗೋಡೆ ಕಟ್ಟಿದರೆ ಬಾಗಿಲಿಡಬೇಕಾಗುತ್ತದೆ ಎಂದನಂತೆ ಯಂಕೋಬ. ನಿಂಬೆವ್ವನಿಗೆ ಅಗಸೆಯೊಳಗೆ ಮನೆ ಸಿಕ್ಕಿತು. ಆಕೆ ಹೋಗಲಿಲ್ಲ. ಕದವೇ ಇಲ್ಲದ ಮೇಲೆ ಒಳಗೇನು ಹೊರಗೇನು ಎಂದು ದಿಬ್ಬದ ಮೇಲೆಯೇ ಉಳಿದಳು.

ಈಗಲೂ ಮಾಗಿಯ ದಿನಗಳಲ್ಲಿ ಕಬ್ಬು ಕಡಿಯುವ ತಂಡದವರು, ರಸ್ತೆ ಕೆಲಸದವರು, ದಿಕ್ಕಿಲ್ಲದ ಮುದುಕರು ಆ ಹಲಗೆಗಳ ಮೇಲೆ ಮಲಗುತ್ತಾರೆ. ಸಂಜೆಯಾಗುತ್ತಲೇ ಮನೆಗೊಂದರಂತೆ ಪುಟ್ಟಿ, ಬೂದಿಗಡಿಗೆ ಅಲ್ಲಿಗೆ ಬರುತ್ತವೆ. ಯಾರ ಸರದಿಯೆಂದು ಊರಲ್ಲಿ ಜಗಳವಾಗುತ್ತದೆಯೇ ಹೊರತು ಸರದಿ ತಪ್ಪಿದ್ದಿಲ್ಲ. ಕರಿಮಣಗಿಯ ಮದುವೆಗಳಲ್ಲಿ ಐರಾಣಿಯನ್ನು ಕುಂಬಾರನ ಮನೆಯಿಂದ ನೇರ ಹಂದರಕ್ಕೆ ತರುವುದಿಲ್ಲ. ದಿಬ್ಬಕ್ಕೆ ಒಯ್ದು, ಬಿಸಿ ಬೂದಿ ತುಂಬಿ, ಮನೆಯಿಲ್ಲದವರೊಬ್ಬರ ಉಡಿಯಲ್ಲಿ ಒಂದು ಗಳಿಗೆ ಇಡುತ್ತಾರೆ. ದಿಬ್ಬ ಖಾಲಿಯಿದ್ದರೆ ಮದುವೆ ಕಾಯುತ್ತದೆ. ಹೋದ ವರ್ಷವೂ ಹಾಗೇ ಆಯಿತು. ಬ್ಯಾಂಡಿನವರನ್ನು ಸುಮ್ಮನಾಗಿಸಿ, ಮದುಮಗಳ ಅಣ್ಣ ಮೋಟಾರುಬೈಕಿನಲ್ಲಿ ಹೋಗಿ, ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಒಬ್ಬ ಮುದುಕನನ್ನು ಕರೆತಂದ. ಜರತಾರಿ ಸೀರೆಯ ಹೆಂಗಸರೆಲ್ಲ ತನ್ನ ದಾರಿ ಕಾಯುತ್ತಿದ್ದುದನ್ನು ಕಂಡು ಮುದುಕ ಗಾಬರಿಯಾಗಿ, "ನಾ ಯಾವ ಊರಾವನೂ ಅಲ್ಲವ್ವಾ" ಎಂದ.

"ಅದಕ್ಕ ನೀನ ಬೇಕು, ಯಜ್ಜಾ" ಎಂದು ಮದುಮಗಳು ತಾನೇ ಬಗ್ಗಿ ಅವನ ಮಡಿಲಿಗೆ ಗಡಿಗೆಯಿಟ್ಟಳು. "ಗಟ್ಟಿಯಾಗಿ ಹಿಡ್ಕೊ. ಬೆಚ್ಚಗೈತಿ."