ಬೇಸಿಗೆಯ ಸಾಕ್ಷಿ

"ಗುರುಗಳೇ, ಒಬ್ಬ ಮನುಷ್ಯನಿಂದ ಅವನು ಮುಚ್ಚಿಟ್ಟ ಪಾಪವನ್ನು ಹೇಳಿಸಿದ ಮೇಲೆ ಬೋಧಕನ ಕೆಲಸ ಮುಗಿಯಿತಲ್ಲವೆ? ಉಳಿದದ್ದು ದೇವರಿಗೆ ಬಿಟ್ಟದ್ದಲ್ಲವೆ?"

ಶಿಷ್ಯ ಹೀಗೆ ಕೇಳಿದ. ಅವನು ಬೋಧಕರ ಶಾಲೆಯಲ್ಲಿ ಓದುತ್ತಿದ್ದ. ಬೇಸಿಗೆಯ ರಜೆಯಲ್ಲಿ ಅಲ್ಲಿನ ತರುಣರನ್ನು ದೊಡ್ಡ ನಗರಗಳಿಗೆ ಸುವಾರ್ತಾ ಸೇವೆಗೆ ಕಳಿಸುವುದು ವಾಡಿಕೆ. ಆ ವರ್ಷ ಅವನೂ ಹೊರಟಿದ್ದ. ಗುರುಗಳು ಅವನ ಮುಖವನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಮಹಾನಗರದಲ್ಲಿ ಒಂದು ವಠಾರವಿತ್ತು. ಒಂದೊಂದೇ ಕೋಣೆಯ ಮನೆಗಳು, ಎದುರುಬದುರು ಎರಡು ಸಾಲು. ನಡುವಿನ ಅಂಗಳದಲ್ಲಿ ನೆಲದಡಿಗೆ ಕಟ್ಟಿದ ನೀರಿನ ತೊಟ್ಟಿ. ಜನ ಅದನ್ನು ಸಂಪು ಎನ್ನುತ್ತಿದ್ದರು. ಅದಕ್ಕೊಂದು ಕಬ್ಬಿಣದ ಮುಚ್ಚಳ. ಬೆಳಿಗ್ಗೆ ಎಲ್ಲರೂ ಅದನ್ನು ಎತ್ತಿ ನೀರು ಸೇದುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು.

ಅಲ್ಲಿ ಒಬ್ಬ ಗಾಡಿಯವನಿದ್ದ. ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದ. ಒಂಟಿ ಮನುಷ್ಯ. ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಊದುಬತ್ತಿ ಹೊಸೆದು ಬದುಕುತ್ತಿದ್ದಳು. ಅವಳಿಗೆ ಗಂಡನಿದ್ದ, ಕಸ್ತೂರಿ ಎಂಬ ಒಬ್ಬಳೇ ಮಗಳಿದ್ದಳು. ಆಗಷ್ಟೇ ಓಡಲು ಕಲಿತ ಮಗು.

ಒಂದು ಬೆಳಿಗ್ಗೆ ಆ ಮಗು ಸಂಪಿಗೆ ಬಿದ್ದು ಸತ್ತಿತು. ಮುಚ್ಚಳ ತೆರೆದಿತ್ತು. ತಾಯಿ ನೀರು ಸೇದಿದ್ದನ್ನು ವಠಾರದವರು ಕಂಡಿದ್ದರು. "ಮುಚ್ಚಳ ಹಾಕಿದೆಯಾ?" ಎಂದು ಕೇಳಿದರು. ಹಾಕಿದ ನೆನಪು ಅವಳಿಗಿತ್ತು. ಆದರೆ ಬಂದವರೆಲ್ಲ ಅದನ್ನೇ ಕೇಳಿದಾಗ ತನ್ನ ನೆನಪಿನ ಮೇಲೆ ಅವಳಿಗೇ ನಂಬಿಕೆ ಹೋಯಿತು. "ಹಾಕಲಿಲ್ಲವೇನೋ" ಎಂದಳು. ಆಮೇಲೆ ಗಂಡ ಊಟಕ್ಕೆ ಕೂತಾಗಲೆಲ್ಲ ಆ ಮಾತು ಎತ್ತಿದ. ಒಂದು ದಿನ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ.

ಅವಳ ನಂತರ ನೀರು ಸೇದಿದವನು ಗಾಡಿಯವ. ಕೊಡವನ್ನು ಮನೆಯೊಳಗಿಟ್ಟು ಬಂದು ಮುಚ್ಚಿದರಾಯಿತು ಎಂದುಕೊಂಡಿದ್ದ. ಮಾರುಕಟ್ಟೆಗೆ ಹೊತ್ತಾಗಿತ್ತು. ಮರೆತು ಗಾಡಿ ತಳ್ಳಿಕೊಂಡು ಹೋದ. ತಿರುಗಿ ಬಂದಾಗ ಅಂಗಳದ ತುಂಬ ಜನ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ಆ ದಿನ ಹೇಳದೆ ಉಳಿದ ಮಾತನ್ನು ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ಹಾಗೆಯೇ ವರ್ಷಗಳು ಉರುಳಿದವು.

ಅವನು ಅವಳ ಮನೆಗೆ ನೀರು ತುಂಬಿ ಕೊಡಲು ತೊಡಗಿದ. ಅವಳು ಸಂಪಿನ ಹತ್ತಿರ ಹೋಗಲಾರಳೆಂದು ಅವನಿಗೆ ತಿಳಿದಿತ್ತು. ಮಾರಿ ಉಳಿದ ಸೊಪ್ಪನ್ನು ಅವಳ ಹೊಸಿಲ ಮೇಲಿಟ್ಟು ಹೋಗುತ್ತಿದ್ದ. ಅವಳು ಜ್ವರ ಬಂದು ಮಲಗಿದಾಗ ಅದೇ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ಅವಳು ಅವನನ್ನು ಅಣ್ಣ ಎಂದು ಕರೆದಳು. "ಒಡಹುಟ್ಟಿದವರಿಲ್ಲದ ನನಗೆ ದೇವರು ಒಬ್ಬನನ್ನು ಕೊಟ್ಟ" ಎಂದು ನೆರೆಯವರ ಮುಂದೆ ಹೇಳಿಕೊಂಡಳು. ಆ ಮಾತು ಕಿವಿಗೆ ಬಿದ್ದ ದಿನ ಗಾಡಿಯವ ಉಣ್ಣದೆ ಮಲಗುತ್ತಿದ್ದ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಬೋಧಕರ ಶಾಲೆಯೊಂದರಿಂದ ಒಬ್ಬ ತರುಣ ಬೋಧಕ ಕೆಲವು ಸಂಗಡಿಗರೊಡನೆ ಆ ಬಡಾವಣೆಗೆ ಬಂದ. ಕಪಟ ತಿಳಿಯದವನು. ಬಿಸಿಲಿನಲ್ಲಿ ಮನೆಮನೆ ತಿರುಗಿದ. ಕಾಯಿಲೆಯವರ ಪಕ್ಕದಲ್ಲಿ ಕೂತು ಪ್ರಾರ್ಥಿಸಿದ. ಮಕ್ಕಳಿಗೆ ಹಾಡು ಕಲಿಸಿ ಮಜ್ಜಿಗೆ ಕೊಟ್ಟ. ಸಂಜೆ ವಠಾರದ ಪಕ್ಕದ ಬಯಲಿನಲ್ಲಿ ಚಪ್ಪರದಡಿ ಕೂಟ ನಡೆಸಿದ. ಜನ ಬಂದರು. ಕೇಳಿದರು, ಹಾಡಿದರು, ಎದ್ದು ಹೋದರು. ಬೇಸಿಗೆ ಮುಗಿಯುತ್ತ ಬಂತು. ಒಬ್ಬನ ಬದುಕೂ ಬದಲಾದದ್ದು ಅವನಿಗೆ ಕಾಣಲಿಲ್ಲ. ಶಾಲೆಗೆ ಮರಳಿದ ಮೇಲೆ ಸಭೆಯ ಮುಂದೆ ನಿಂತು, ತನ್ನ ಸೇವೆಯಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಬೇಕಿತ್ತು. ಏನು ಹೇಳಲಿ ಎಂದು ಅವನು ಕೊರಗಿದ.

ಆಗ ಗಾಡಿಯವ ಅವನ ಬಳಿಗೆ ಬಂದ. ಕೂಟದಲ್ಲಿ ಕಟ್ಟಕಡೆಗೆ ಕೂರುತ್ತಿದ್ದ ಮನುಷ್ಯ. ತಾನು ಮಾಡಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿ ಅತ್ತ. ತರುಣನೂ ಅವನೊಂದಿಗೆ ಅತ್ತ. ಆ ಅಳು ನಿಜವಾದದ್ದೇ.

"ಇದನ್ನು ಆ ತಾಯಿಗೆ ಹೇಳಿಬಿಡಿ ಅಣ್ಣಾ," ಎಂದ ತರುಣ. "ಮುಚ್ಚಿಟ್ಟ ಗಾಯ ಮಾಯುವುದಿಲ್ಲ. ಹೇಳಿದರೆ ನಿಮಗೂ ಬಿಡುಗಡೆ, ಅವರಿಗೂ ಬಿಡುಗಡೆ."

"ಹೇಳಬೇಕು ಅಯ್ಯನವರೇ. ಆದರೆ ಅವಳಿಗೆ ನಾನೊಬ್ಬನೇ ಇರುವುದು. ಇದನ್ನು ಕೇಳಿದ ದಿನ ಅವಳು ಯಾರ ಹತ್ತಿರ ಹೋಗಿ ಅಳಬೇಕು? ಸ್ವಲ್ಪ ಕಾಲ ಕೊಡಿ. ಮೆಲ್ಲಗೆ, ಅವಳ ಮನೆಯಲ್ಲೇ ಹೇಳುತ್ತೇನೆ."

ತರುಣನಿಗೆ ಕಾಲವಿರಲಿಲ್ಲ. ಭಾನುವಾರ ಬೆಳಿಗ್ಗೆ ಕಡೆಯ ಕೂಟ. ಅಂದು ಸಂಜೆಯೇ ರೈಲು. ಅವನು ಗಾಡಿಯವನ ಕೈ ಹಿಡಿದುಕೊಂಡ. "ನಾಳೆ ಎಂದು ಮುಂದಕ್ಕೆ ಹಾಕಿಸುವವನು ಸೈತಾನ. ಭಾನುವಾರ ಎಲ್ಲರ ಮುಂದೆ ಹೇಳಿಬಿಡಿ. ನಿಮ್ಮ ಪಕ್ಕದಲ್ಲಿ ನಾನು ನಿಂತಿರುತ್ತೇನೆ" ಎಂದ.

ಗಾಡಿಯವ ಆ ಮಾತನ್ನು ನಂಬಿದ.

ಭಾನುವಾರ ಬೆಳಿಗ್ಗೆ ಅಣ್ಣ ಕರೆದನೆಂದು ಆ ತಾಯಿಯೂ ಕೂಟಕ್ಕೆ ಬಂದಳು. ಗಾಡಿಯವ ಎದ್ದು ನಿಂತ. ಅವನು ಹೆಚ್ಚು ಮಾತಾಡಲಿಲ್ಲ. "ತಂಗೀ, ನಿನ್ನ ಕಸ್ತೂರಿ ಸತ್ತದ್ದು ನಿನ್ನಿಂದಲ್ಲ. ನೀನು ಮುಚ್ಚಳ ಹಾಕಿದ್ದೆ. ಅದನ್ನು ತೆಗೆದು ಹಾಗೇ ಬಿಟ್ಟು ಹೋದವನು ನಾನು" ಎಂದ. ತರುಣ ಅವನ ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ದೇವರಿಗೆ ಸ್ತೋತ್ರ ಹೇಳಿದ. ಯಾರೂ ಧ್ವನಿಗೂಡಿಸಲಿಲ್ಲ. ತಾಯಿ ಎದ್ದಳು. ಯಾರ ಮುಖವನ್ನೂ ನೋಡದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನ ಸಂಗಡಿಗರು ಗಂಟು ಕಟ್ಟಿದರು. ತರುಣ ಆ ತಾಯಿಯ ಬಾಗಿಲು ಬಡಿದ. ಅವಳು ತೆಗೆಯಲಿಲ್ಲ. ಹೊರಗೇ ನಿಂತು ಪ್ರಾರ್ಥನೆ ಮಾಡಿದ. ಗಾಡಿಯವ ಅವನ ಹಿಂದೆಯೇ ನಿಂತಿದ್ದ. "ನಾಳೆ ಇರುತ್ತೀರಲ್ಲ ಅಯ್ಯನವರೇ?" ಎಂದು ಕೇಳಿದ. ರೈಲು ಸಂಜೆಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ವಾರ ಉಳಿಯೋಣವೆ ಎಂದು ತರುಣನ ಮನಸ್ಸಿಗೆ ಬಂದದ್ದೂ ಉಂಟು. ಆದರೆ ಸಂಗಡಿಗರು ಬೀದಿಯಲ್ಲಿ ಆಟೋ ನಿಲ್ಲಿಸಿಕೊಂಡು ಕರೆಯುತ್ತಿದ್ದರು. "ದೇವರು ನಿಮ್ಮ ಜೊತೆಗಿರುತ್ತಾನೆ" ಎಂದು ಹೇಳಿ ಹೊರಟ.

ಸಭೆಯಲ್ಲಿ ಅವನು ಸಾಕ್ಷಿ ಹೇಳಿದ. ಒಬ್ಬ ಪಾಪಿ ಎಲ್ಲರೆದುರು ಎದ್ದು ನಿಂತ ಬಗೆಯನ್ನು ಹೇಳಿದ. ಜನ ಕಣ್ಣೊರೆಸಿಕೊಂಡರು. ಬೇರೆ ಸಭೆಗಳವರೂ ಕರೆಸಿಕೊಂಡರು. ಎಲ್ಲ ಕಡೆಯೂ ಕೊನೆಗೆ ಒಂದೇ ಪ್ರಶ್ನೆ: "ಆ ತಾಯಿ ಏನು ಮಾಡಿದಳು?" ಮೊದಲು, ಅವಳು ಅಳುತ್ತ ಹೋದಳು ಎಂದ. ಆಮೇಲೆ, ಅವಳ ಮನಸ್ಸು ಕರಗಿತ್ತು ಎಂದ. ಇನ್ನೂ ಕೆಲವು ಸಭೆಗಳು ಕಳೆದ ಮೇಲೆ, ಅವಳು ಆ ಮನುಷ್ಯನ ಕೈ ಹಿಡಿದು ಕ್ಷಮಿಸಿದಳು ಎಂದ. ಹೇಳಿ ಹೇಳಿ ಅವನಿಗೂ ಹಾಗೆಯೇ ನಡೆಯಿತೆಂಬ ನಂಬಿಕೆ ಬಂತು.

ಮುಂದಿನ ಬೇಸಿಗೆಯಲ್ಲಿ ಅವನು ತಾನಾಗಿಯೇ ಕೇಳಿಕೊಂಡು ಅದೇ ಬಡಾವಣೆಗೆ ಹೋದ. ಇಳಿದ ದಿನವೇ ವಠಾರಕ್ಕೆ ನಡೆದ. ಗಾಡಿಯವನ ಕೋಣೆಯಲ್ಲಿ ಬೇರೆ ಸಂಸಾರವಿತ್ತು. ಪಕ್ಕದ ಬಾಗಿಲಲ್ಲಿ ಆ ತಾಯಿ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಒಂದು ವರ್ಷದಲ್ಲಿ ಮುದುಕಿಯಾಗಿದ್ದಳು. ಅವನ ಗುರುತು ಹಿಡಿದು ಚಾಪೆ ಹಾಸಿದಳು.

"ಅಣ್ಣ ಎಲ್ಲಿ ಅಮ್ಮಾ?" ಎಂದು ಅವನು ಕೇಳಿದ.

"ನೀವು ಹೋದ ಮರುದಿನ ವಠಾರದವರು ಅವನನ್ನು ಹೊರಗೆಳೆದು ಹೊಡೆದರು," ಎಂದಳು. "ಇಷ್ಟು ವರ್ಷ ನನ್ನನ್ನು ಮಗಳನ್ನು ಕೊಂದವಳು ಅಂತ ಆಡಿಕೊಂಡವರೇ ಮೊದಲು ಕೈ ಎತ್ತಿದ್ದು. ಗಾಡಿ ಮುರಿದರು. ಅವನು ಒಂದು ಸಲವೂ ಬೇಡ ಅನ್ನಲಿಲ್ಲ."

ಅವಳ ಕೈ ಹೊಸೆಯುವುದನ್ನು ನಿಲ್ಲಿಸಿತು.

"ನಾನು ಒಳಗೇ ಇದ್ದೆ ಅಯ್ಯನವರೇ. ಏಟು ಬೀಳುವುದು ಕೇಳಿಸುತ್ತಿತ್ತು. ಬೀಳಲಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ? ನನ್ನ ಕೂಸನ್ನು ತಿಂದವನು, ನನ್ನ ಸಂಸಾರ ಮುರಿದವನು, ದಿನಾ ಬಂದು ನೀರು ತುಂಬಿದನಲ್ಲ ಅಂತ ಹೊಟ್ಟೆ ಉರಿಯಿತು. ಆಮೇಲೆ ಅಳು ಬಂತು. ನಾನು ಮುಚ್ಚಳ ಹಾಕಿದ್ದೆ, ನನ್ನ ಕೈಯಿಂದ ಆದದ್ದಲ್ಲ ಅಂತ ತಿಳಿದು ಬಂದ ಅಳು. ಅದೂ ಕೆಲವು ದಿನಕ್ಕೆ ತೀರಿತು. ಎಲ್ಲ ತೀರಿದ ಮೇಲೆ, ಇಷ್ಟು ವರ್ಷ ಇದನ್ನು ಹೊತ್ತುಕೊಂಡು ಹೇಗೆ ಬದುಕಿದೆಯೋ ಅಣ್ಣಾ ಅಂತ ಕೇಳಬೇಕು ಅನ್ನಿಸಿತು. ಬಾಗಿಲು ತೆಗೆದೆ. ಅವನು ಹೋಗಿಬಿಟ್ಟಿದ್ದ. ಮಾರುಕಟ್ಟೆಯಲ್ಲೆಲ್ಲ ಹುಡುಕಿದೆ, ಆಸ್ಪತ್ರೆಯಲ್ಲಿ ಕೇಳಿದೆ. ಯಾರೂ ಕಂಡವರಿಲ್ಲ."

ತರುಣ, "ನಾನು ಅವರಿಂದ ಹೇಳಿಸಿದ್ದೇ ತಪ್ಪಾಯಿತೇ ಅಮ್ಮಾ?" ಎಂದ.

"ಹೇಳಿಸಿದ್ದು ತಪ್ಪು ಅನ್ನುವುದಿಲ್ಲ. ನನ್ನ ತಲೆಯ ಮೇಲಿದ್ದ ಕಲ್ಲು ಇಳಿಯಿತು. ಆದರೆ ಅವನು ಹೇಳುವುದಕ್ಕೂ ನಾನು ಬಾಗಿಲು ತೆಗೆಯುವುದಕ್ಕೂ ನಡುವೆ ಒಂದಷ್ಟು ದಿನ ಬೇಕಾಗಿತ್ತು. ಅಷ್ಟು ದಿನ ಆ ಜನಕ್ಕೂ ಅವನಿಗೂ ನಡುವೆ ಒಬ್ಬರು ನಿಂತಿದ್ದರೆ ಸಾಕಾಗಿತ್ತು. ಪಕ್ಕದಲ್ಲಿ ಅಯ್ಯನವರು ನಿಂತಿರುತ್ತಾರೆ ಅಂತ ಅವನು ಕೂಟದ ಹಿಂದಿನ ದಿನ ನನ್ನ ಹತ್ತಿರ ಹೇಳಿದ್ದ. ಯಾಕೆ ಅಂತ ಹೇಳಿರಲಿಲ್ಲ. ಅಷ್ಟೇ ಹೇಳಿ ಸಂತೋಷಪಟ್ಟಿದ್ದ."

ಅಂಗಳದಲ್ಲಿ ಸಂಪಿಗೆ ನೀರು ಬಂತೆಂದು ಯಾರೋ ಕೂಗಿದರು. ತರುಣ, "ಪ್ರಾರ್ಥನೆ ಮಾಡಲೇ?" ಎಂದು ಕೇಳಿದ. "ಮಾಡಿ, ನಾನು ನೀರು ಸೇದಬೇಕು" ಎಂದು ಅವಳು ಕೊಡ ಎತ್ತಿಕೊಂಡು ಹೊರಗೆ ಹೋದಳು. ಮಗಳು ಸತ್ತ ಆ ಸಂಪಿನ ಬಳಿ ಸಾಲಿನಲ್ಲಿ ನಿಂತಳು. ಅವನು ಖಾಲಿ ಮನೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಬಂದ.

ಆ ಬೇಸಿಗೆಯೂ ಮುಗಿಯಿತು. ತರುಣ ಶಾಲೆಗೆ ಮರಳಿದ. ಸಭೆ ಸೇರಿತು. ಹಿರಿಯರು ಅವನನ್ನು ಮುಂದೆ ಕರೆದು, "ಗಾಡಿಯವನ ಸಾಕ್ಷಿಯನ್ನು ಹೊಸಬರು ಕೇಳಿಲ್ಲ. ಇನ್ನೊಮ್ಮೆ ಹೇಳು" ಎಂದರು. ಅವನು ಎದ್ದು ನಿಂತ. ಸಭೆಯಲ್ಲಿ ಅವನ ತಂದೆ ತಾಯಿ ಇದ್ದರು, ಅವನ ಗುರುಗಳಿದ್ದರು, ಅವನ ಮಾತು ಕೇಳಿ ಈ ಸೇವೆಗೆ ಬಂದ ಕಿರಿಯರಿದ್ದರು. ಎಲ್ಲರೂ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದರು.

ಅವನು ಸಾಕ್ಷಿ ಹೇಳಿದ. ಹಿಂದೆ ಹೇಳಿದಂತೆಯೇ ಹೇಳಿದ. ಕೊನೆಯಲ್ಲಿ ಆ ತಾಯಿ ಗಾಡಿಯವನ ಕೈ ಹಿಡಿದು ಕ್ಷಮಿಸಿದಳು ಎಂದ. ಜನ ಹಿಂದೆ ಅತ್ತಂತೆಯೇ ಅತ್ತರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಓದು ಬಾರದ ಗಾಡಿಯವ ಅಷ್ಟು ಜನರ ಮುಂದೆ ನಿಜ ಹೇಳಿದ. ಅವನಿಂದ ಹೇಳಿಸಿದ ಬೋಧಕನಿಗೆ ತನ್ನದೇ ಜನರ ಮುಂದೆ ಹೇಳುವ ಧೈರ್ಯ ಏಕೆ ಬರಲಿಲ್ಲ, ಗುರುಗಳೇ?" ಎಂದು ಕೇಳಿದ.

"ನಿಜ ಹೇಳಿದವನ ಪಕ್ಕದಲ್ಲಿ ಕೊನೆಗೆ ಯಾರೂ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ನಿಲ್ಲದೆ ಬಂದವನು ಅವನೇ ಅಲ್ಲವೆ?" ಎಂದರು ಗುರುಗಳು.